ಫಿಸಿಕಲ್ ಅಡ್ರೆಸ್, ಸಿದ್ದಾಪುರ ತಾಲ್ಲೂಕು

ನಮ್ಮ ಹಾಸ್ಟೆಲ್ ರೂಮುಗಳಿಗೆ ಕ್ಯಾಂಪಸ್ ನೆಟ್‌ವರ್ಕ್ ಬಂದದ್ದು 2004ರಲ್ಲಿ. ಬೇಕಾದವರು ಲ್ಯಾನ್ ಕಾರ್ಡ್, ಕೇಬಲ್ ತಂದುಕೊಂಡು ಫಾರಂ ತುಂಬಿಕೊಡಿ ಅಂತ ನೋಟಿಸು ಹಚ್ಚಿದ್ದರು. ನನ್ನದು ಅಸೆಂಬಲ್ ಮಾಡಿಸಿದ ಹಳೇ ಕಂಪ್ಯೂಟರ್, ನೆಟ್‌ವರ್ಕ್ ಕೇಬಲ್ ಚುಚ್ಚುವ ಲ್ಯಾನ್ ಕಿಂಡಿಯೇ ಇಲ್ಲ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಎಲ್ಲ ಗೊತ್ತಿರುವವನ ಗತ್ತಿನಲ್ಲಿ "ಇಂಟರ್‌ನೆಟ್ ಕಾರ್ಡ್ ಕೊಡಿ" ಅಂದೆ. ಕೊಟ್ಟರು. ಕ್ಯಾಬಿನೆಟ್ ಬಿಚ್ಚಿ, ಪಿಸಿಐ ಸ್ಲಾಟಿಗೆ ಒತ್ತಿ, ಸ್ಕ್ರೂ ಬಿಗಿದೆ. ಕಿಂಡಿ ಎರಡಿದ್ದವು, ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ಇಟ್ಟಿದ್ದಾರೆ ಅಂತ ಖುಷಿಪಟ್ಟೆ. ಆದರೆ ಕೇಬಲ್ಲಿನ ಎಂಟು ತಂತಿಯ ಪ್ಲಗ್ಗು ಎರಡಕ್ಕೂ ದಪ್ಪ. ತುಸು ಕೆರೆದರೆ ಹೋದೀತೆಂದು ಬ್ಲೇಡು ಹುಡುಕುತ್ತಿದ್ದಾಗ ರೂಮ್‌ಮೇಟ್ ಬಂದ.

"ಲೇ, ಅದು ಲ್ಯಾನ್ ಕಾರ್ಡಲ್ಲ, ಫೋನ್ ಲೈನಲ್ಲಿ ನೆಟ್ಟು ತರೋ ಮೋಡೆಮ್ ಕಣೋ! ಒಂದಕ್ಕೆ ಫೋನ್ ಲೈನು, ಇನ್ನೊಂದಕ್ಕೆ ಫೋನು. ನಮ್ಮಲ್ಲಿ ಫೋನಿರೋದು ವಾರ್ಡನ್ ರೂಮಲ್ಲಿ. ಅಲ್ಲಿಗೆ ಹೋಗಿ ಚುಚ್ತೀಯಾ?"

ಅಂಗಡಿಯವರು ಬೈಯದೆ ಬದಲಿಸಿಕೊಟ್ಟರು. "ನೀವು ಕೇಳಿದ್ದನ್ನೇ ಕೊಟ್ಟಿದ್ದೆ" ಅಂತ ಮೂರು ಸಲ ಹೇಳಿದರು, ಅಷ್ಟೇ.

ಎಲ್ಲ ರೂಮುಗಳ ಕೇಬಲ್ಲು ಸೇರುವ ಕಾರಿಡಾರಿನ ನೆಟ್‌ವರ್ಕ್ ಸ್ವಿಚ್ಚಿನಿಂದ ಹೆಜ್ಜೆಯಲ್ಲಿ ಅಳೆದು ಹತ್ತು ಮೀಟರ್ ಕೇಬಲ್ ತಂದಿದ್ದೆ. ಅದು ವೆಂಟಿಲೇಟರ್ ಹತ್ತಿ ಇಳಿಯಬೇಕೆಂಬ ಲೆಕ್ಕ ಬಿಟ್ಟುಹೋಗಿತ್ತು. ನೂರು ಮೀಟರ್‌ವರೆಗೂ ಎಳೆಯಬಹುದಾದ ಜಾತಿಯ ಕೇಬಲ್ಲು ನನ್ನ ಮೇಜಿಗೆ ಎರಡು ಗೇಣು ಮೊದಲೇ ನಿಂತಿತು. ಮೇಜನ್ನೇ ಬಾಗಿಲ ಹತ್ತಿರಕ್ಕೆ ಎಳೆದೆ. ಆ ವರ್ಷವಿಡೀ ನಾವಿಬ್ಬರೂ ಅರ್ಧ ತೆರೆದ ಬಾಗಿಲಲ್ಲಿ ಅಡ್ಡಡ್ಡ ನುಸುಳಿಯೇ ಒಳಬಂದದ್ದು.

ಫಾರಂ ಮಾತ್ರ ಸಲೀಸಾಗಿತ್ತು. ಹೆಸರು, ರೂಮ್ ನಂಬರ್, ಫಿಸಿಕಲ್ ಅಡ್ರೆಸ್. ಮನೆ, ಅಂಚೆ, ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ ಅಂತ ಪಿನ್‌ಕೋಡ್ ಸಮೇತ ದುಂಡಗೆ ಬರೆದೆ. ಹನ್ನೆರಡೇ ಚೌಕ ಇದ್ದವು. ಎಷ್ಟು ಜಿಪುಣರಪ್ಪಾ ಅಂದುಕೊಂಡು ಮಿಕ್ಕದ್ದನ್ನು ಅಂಚಿನಲ್ಲಿ ತುಂಬಿದೆ.

ಕಂಪ್ಯೂಟರ್ ಸೆಂಟರಿನ ಸರ್ ಓದಿ ಕನ್ನಡಕ ತೆಗೆದರು. "ಇದು ನಿನ್ನ ವಿಳಾಸ ಅಲ್ಲಪ್ಪಾ, ಕಾರ್ಡಿಂದು." ಪ್ರತಿ ಲ್ಯಾನ್ ಕಾರ್ಡಿಗೂ ಕಾರ್ಖಾನೆಯಲ್ಲೇ ಅಂಕಿ, ಇಂಗ್ಲಿಷ್ ಅಕ್ಷರ ಸೇರಿ ಹನ್ನೆರಡು ಮನೆಯ ಒಂದು ನಂಬರ್ ಕೊಟ್ಟಿರುತ್ತಾರಂತೆ, ಫಾರಂನಲ್ಲಿ ಬರೆದ ನಂಬರಿನ ಕಾರ್ಡಿಗೆ ಮಾತ್ರ ನೆಟ್ಟು ಬಿಡುತ್ತಾರಂತೆ, ಕಪ್ಪು ಪರದೆಯಲ್ಲಿ 'ಐಪಿಕಾನ್ಫಿಗ್ ಸ್ಲ್ಯಾಶ್ ಆಲ್' ಹೊಡೆದರೆ ಕಾಣುತ್ತದಂತೆ. ನೋಡಿ ಬರೆದುಕೊಟ್ಟೆ. ಎರಡು ದಿನ ಕಾರ್ಡಿನ ಹಸಿರು ದೀಪ ಮಿಣಮಿಣ ಅಂದರೂ ನೆಟ್ಟು ಬರಲಿಲ್ಲ. ಅವಸರದಲ್ಲಿ ಬರೆದ 'ಬಿ' ಅವರ ಕಣ್ಣಿಗೆ 8 ಆಗಿತ್ತು.

ಮೇ ತಿಂಗಳ ಒಂದು ಸಂಜೆ ಸಿಡಿಲು ಹೊಡೆದು ಕಾರ್ಡು ಸತ್ತಿತು. ಹೊಸ ಕಾರ್ಡು, ಹೊಸ ನಂಬರು, ಮತ್ತೆ ಅದೇ ಫಾರಂ. ನನ್ನನ್ನು ಕಂಡದ್ದೇ ಸರ್ ಕುರ್ಚಿಯಿಂದಲೇ ಕೂಗಿದರು:

"ಏನಪ್ಪಾ ಸಿದ್ದಾಪುರ, ಮನೆ ಬದಲಾಯಿಸಿದ್ಯಾ?"