ಸರಿಹೋಯಿತು, ಧನ್ಯವಾದ!

ನಮ್ಮ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವವರ) ಗುಂಪಿನಲ್ಲಿ ನಿರ್ವಾಹಕನಾದ ನಾನು ದರ್ಬಾರು ನಡೆಸುತ್ತಿದ್ದೇನೆ ಎಂಬ ದೂರು ಮತ್ತೆ ಕಿವಿಗೆ ಬಿದ್ದಿದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಮುದ್ರಣಾಲಯಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ಕನ್ನಡ ಟೈಪ್ ಮಾಡುವವರು ಸಾಫ್ಟ್‌ವೇರ್ ಕೈಕೊಟ್ಟಾಗ ಒಬ್ಬರನ್ನೊಬ್ಬರು ಕೇಳಿಕೊಳ್ಳಲೆಂದು ಮಾಡಿಕೊಂಡ ಟೆಲಿಗ್ರಾಂ ಗುಂಪು ಅದು. ಶುಭೋದಯದ ಹೂವು, ಅಡಿಕೆ ಧಾರಣೆ, ಚುನಾವಣೆಯ ಜಗಳ ಬಂದರೆ ಅಳಿಸುತ್ತೇನೆ. ಆ ಬಗ್ಗೆ ಚರ್ಚೆಗೆ ಬರುವುದಿಲ್ಲ.

ಹರಟೆಗಿಂತ ಹೆಚ್ಚು ಹಾನಿ ಮಾಡುವುದು ‘ಸರಿಹೋಯಿತು, ಧನ್ಯವಾದ’ ಎಂಬ ಸಭ್ಯ ಸಂದೇಶ. ಏನು ಮಾಡಿದ್ದಕ್ಕೆ ಸರಿಹೋಯಿತು? ಅದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಲಗ್ನಪತ್ರಿಕೆಯ ಹಂಗಾಮಿನಲ್ಲಿ ಅದೇ ತೊಂದರೆಗೆ ಸಿಕ್ಕಿ ಹಳೆಯ ಸಂದೇಶಗಳನ್ನು ಕೆದಕುವ ಹೊಸನಗರದ ಹುಡುಗಿಗೆ ಸಿಗುವುದು ಆ ಧನ್ಯವಾದವೊಂದೇ. ಹಾಗಾಗಿ ಬೆನ್ನು ಹತ್ತಿ ಕೇಳುತ್ತೇನೆ, ಉತ್ತರವನ್ನು ಪ್ರಶ್ನೆಯ ಕೆಳಗೇ ಬರೆಸುತ್ತೇನೆ. ಇದನ್ನು ಕಿರಿಕಿರಿ ಎನ್ನುವವರು ಎನ್ನಲಿ.

‘ಅಕ್ಷರ ಒಡೆದಿದೆ, ಅರ್ಜೆಂಟ್’ ಎಂಬ ಪ್ರಶ್ನೆಯನ್ನೇ ನೋಡಿ. ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಒಬ್ಬರಿಗೆ ‘ಲಕ್ಷ್ಮೀ’ ಎಂಬುದು ‘ಲಕ್‌ಷ್‌ಮೀ’ ಎಂದು ಬಿಡಿಬಿಡಿಯಾಗಿ ನಿಂತಿರುತ್ತದೆ. ಪ್ಯಾರಾಗ್ರಾಫ್ ಮೆನುವಿನಲ್ಲಿ ಭಾರತೀಯ ಲಿಪಿಗಳನ್ನೂ ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಂಡರೆ ಒತ್ತುಗಳು ತಮ್ಮ ಜಾಗಕ್ಕೆ ಬರುತ್ತವೆ. ಇನ್ನೊಬ್ಬರು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬರಹವನ್ನು ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ಗೆ ಅಂಟಿಸಿರುತ್ತಾರೆ. 2001ರ 7.0 ಅದರ ಕೊನೆಯ ಮುಖ್ಯ ಆವೃತ್ತಿ, ಯೂನಿಕೋಡ್ ಅದಕ್ಕೆ ತಿಳಿಯದು. ಮೊದಲು ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟ್‌ಗೆ ಪರಿವರ್ತಿಸಿಕೊಳ್ಳಬೇಕು. ಮೂರನೆಯವರಿಗೆ ಗಿರಾಕಿ ಕಳಿಸಿದ ಕಡತ ಹಳೆಯ ನುಡಿಯದ್ದು, ಇವರ ಕಂಪ್ಯೂಟರಿನಲ್ಲಿ ಆ ಫಾಂಟೇ ಇಲ್ಲ, ತೆರೆದರೆ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಸಂತೆ. ಮೂವರೂ ಬರೆಯುವುದು ಒಂದೇ ವಾಕ್ಯ. ರಾಶಿ, ಬೆಟ್ಟೆ, ಗೊರಬಲು ಎಲ್ಲವೂ ಅಡಿಕೆಯೇ ಎಂದು ಒಂದೇ ಚೀಲಕ್ಕೆ ಸುರಿದರೆ ಮಂಡಿಯಲ್ಲಿ ಏನಾಗುತ್ತದೋ, ಈ ಮೂರನ್ನೂ ಒಂದೇ ಕಡೆ ಸೇರಿಸಿದರೆ ಇಲ್ಲಿಯೂ ಅದೇ ಆಗುತ್ತದೆ. ಅದಕ್ಕೇ ಬೇರ್ಪಡಿಸಿ ಮೂರು ತಲೆಬರಹ ಕೊಡುತ್ತೇನೆ.

‘ಇದಕ್ಕೆ ಆಗಲೇ ಉತ್ತರ ಕೊಟ್ಟಿದೆ, ಮೇಲೆ ನೋಡಿ’ ಎಂದು ಬಾಗಿಲು ಹಾಕುವ ನಿರ್ವಾಹಕರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2008ರಲ್ಲಿ ಶುರುವಾದ, ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಮರುಪ್ರಶ್ನೆಗಳನ್ನು ಮುಚ್ಚುವ ಪದ್ಧತಿ ಇದೆ, ಹೊಸಬರು ಅದರಿಂದ ಮುನಿಸಿಕೊಂಡಿದ್ದೂ ಇದೆ. ಆದರೆ ಅಲ್ಲಿ ಮುಚ್ಚಿದ ಪ್ರಶ್ನೆ ಹಳೆಯ ಉತ್ತರಕ್ಕೆ ದಾರಿ ತೋರಿಸುತ್ತದೆ, ಇದು ಸರಿಯಾದ ಕ್ರಮ. ನಮ್ಮಲ್ಲಿ ಒಬ್ಬರು ‘ಇಂಡಿಸೈನ್’ ಎಂದು ಬರೆದರೆ ಇನ್ನೊಬ್ಬರು ‘ಇನ್‌ಡಿಸೈನ್’, ಮತ್ತೊಬ್ಬರು ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆಯುತ್ತಾರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಮರುಪ್ರಶ್ನೆಯನ್ನು ಉಳಿಸಿ, ಉತ್ತರದ ಕೊಂಡಿ ಹಾಕಿ, ‘ನಿಮ್ಮದೂ ಕಂಪೋಸರ್ ತೊಂದರೆ’ ಎಂದು ಒಂದು ಸಾಲು ಬರೆದರೆ ಯಾರ ಗಂಟೂ ಹೋಗುವುದಿಲ್ಲ.

ಸಾಫ್ಟ್‌ವೇರ್ ಯಾವುದು, ಆವೃತ್ತಿ ಯಾವುದು, ಫಾಂಟ್ ಯಾವುದು ಎಂದು ಕೇಳಿದ್ದಕ್ಕೆ ಹಿರಿಯರೊಬ್ಬರು ರೇಗಿದ್ದರು: “ಅಚ್ಚುಮೊಳೆ ಜೋಡಿಸುವ ಕಾಲದಿಂದ ಈ ಕಸುಬಿನಲ್ಲಿದ್ದೇನೆ ಮಾರಾಯ, ನನ್ನ ಕೈಯಲ್ಲಿ ಅರ್ಜಿ ತುಂಬಿಸುತ್ತೀಯಾ?” ಅವರ ಅನುಭವಕ್ಕೆ ಕೈ ಮುಗಿಯುತ್ತೇನೆ. ಆದರೂ ಆವೃತ್ತಿ ಬೇಕು. ಪರದೆಯ ಮೇಲೆ ಟ್ಯೂಬ್‌ಲೈಟ್ ಹೊಳೆಯುವ ಮೊಬೈಲ್ ಫೋಟೊ ನೋಡಿ ಕಾಯಿಲೆ ಹೇಳಲು ನನಗೆ ಬರುವುದಿಲ್ಲ.

ಇನ್ನು ಪೇಜ್‌ಮೇಕರ್ ಉತ್ತರಗಳನ್ನೆಲ್ಲ ತೆಗೆದುಹಾಕಿ ಎನ್ನುವ ಹುಡುಗರ ಬೇಡಿಕೆ. ತೆಗೆಯುವುದಿಲ್ಲ. ಹಳೆಯ ವಿಂಡೋಸ್ ಕಾಪಾಡಿಕೊಂಡು ಪೇಜ್‌ಮೇಕರ್‌ನಲ್ಲೇ ಬಿಲ್ ಪುಸ್ತಕ ಮಾಡುವ ಅಂಗಡಿಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಇವೆ. ಪ್ರತಿ ಉತ್ತರದ ಮೇಲೂ ಅದು ಯಾವ ಆವೃತ್ತಿಗೆ ಎಂದು ಬರೆದು ಪ್ರತ್ಯೇಕ ವಿಭಾಗಕ್ಕೆ ಹಾಕುತ್ತಿದ್ದೇನೆ. ಬೇಡದವರು ಆ ವಿಭಾಗ ತೆರೆಯದಿದ್ದರಾಯಿತು.