ಕಾಯರ್ ಅಂದ್ರೆ ಹಾಸಿಗೇನಾ?

ನಮ್ಮ ದಾವಣಗೆರೆಯಲ್ಲಿ ಒಂದು ಹೊಸ ಹಾಡುವ ತಂಡ, ಇಂಗ್ಲಿಷಿನಲ್ಲಿ ಕಾಯರ್ ಅಂತಾರಲ್ಲ ಅದು, ಹುಟ್ಟಿ ನಾಲ್ಕು ತಿಂಗಳಾಯಿತು. ಹಾಡುವವರು 11 ಜನ. ತಂಡಕ್ಕೆ ಹೆಸರಿಡುವ ಸಮಿತಿಯಲ್ಲಿ 17 ಜನ. ನಾನು ಸಮಿತಿಯಲ್ಲಿದ್ದೇನೆ, ಯಾಕೆಂದರೆ ನನಗೆ ಹಾಡಲು ಬರುವುದಿಲ್ಲ. ಉಳಿದ 16 ಜನರ ಅರ್ಹತೆಯೂ ಅದೇ.

ಹಾಡು ಕಲಿಸುವ ಹುಡುಗಿ ಮೊದಲ ಮೀಟಿಂಗಿನಲ್ಲೇ ಎಲ್ಲ ಬಿಡಿಸಿ ಹೇಳಿದ್ದಳು. 'ಭಜನೆಯಲ್ಲಿ ಎಲ್ಲರೂ ಒಂದೇ ಧಾಟಿ ಹಿಡಿದು ಹೋಗ್ತೀವಿ ಅಲ್ವಾ ಸರ್, ಇಲ್ಲಿ ನಾಲ್ಕು ದನಿ ನಾಲ್ಕು ದಾರಿ ಹಿಡಿಯುತ್ತೆ, ಆದರೂ ಒಂದಕ್ಕೊಂದು ಹೊಂದಿಕೊಂಡೇ ಹೋಗುತ್ತೆ' ಅಂದಳು. ಹೆಂಗಸರ ಮೇಲಿನ ದನಿ ಸೊಪ್ರಾನೊ, ಕೆಳಗಿನದು ಆಲ್ಟೊ. ಗಂಡಸರದ್ದು ಮೇಲೆ ಟೆನರ್, ಕೆಳಗೆ ಬೇಸ್. ಆಲ್ಟೊ ಅಂದಾಗ ಒಬ್ಬರು ಮೈಲೇಜ್ ಕೇಳಿದರು. ಟೆನರ್ ಅಂದದ್ದು ಟೆಂಡರ್ ಅಂತ ಕೇಳಿಸಿ ಇನ್ನೊಬ್ಬರು ನೆಟ್ಟಗೆ ಕೂತರು. ಬೇಸ್ ಅಂದಾಗ ಮಾತ್ರ ಹಿರಿಯರೊಬ್ಬರು ತಲೆದೂಗಿ 'ಬೇಸೈತಿ ಬಿಡವ್ವಾ' ಅಂದರು. ಇದು ಈ ಕಾಲದ ಸಂಗೀತ, ಇದರಲ್ಲಿ ಪಿಸುಗುಟ್ಟುವುದು, ಚಪ್ಪಾಳೆ, ಲೊಚಗುಟ್ಟುವುದು ಕೂಡ ಬರುತ್ತದೆ ಅಂದಳು. 'ಅದಕ್ಕೆ ಪ್ರಾಕ್ಟೀಸ್ ಯಾಕವ್ವಾ? ನಾನು ಲೆಕ್ಕ ಓದಿದಾಗೆಲ್ಲ ಎಲ್ಲರೂ ಅದನ್ನೇ ಮಾಡ್ತಾರಲ್ಲ' ಅಂದರು ಖಜಾಂಚಿ.

ಆಮೇಲೆ ಅವಳನ್ನು ಯಾರೂ ಏನೂ ಕೇಳಲಿಲ್ಲ. ಹೆಸರಿನ ವಿಷಯ ಬಂತು.

ಮೊದಲು ಬಂದದ್ದು ನೀರಿನ ಹೆಸರುಗಳು. ಸ್ವರಧಾರೆ, ಗಾನಗಂಗೆ, ನಾದಝರಿ, ರಾಗತರಂಗ, ಗೀತಲಹರಿ. ನೀವೇ ನೋಡಿ, ಕನ್ನಡದ ಸಂಗೀತ ಸಂಘಗಳ ಹೆಸರೆಲ್ಲ ನೀರಾವರಿ ಇಲಾಖೆಯಿಂದ ಬಂದ ಹಾಗಿರುತ್ತವೆ. ಭದ್ರಾ ನಾಲೆಯ ಕೊನೆ ಭಾಗದ ರೈತರು ನೀರು ಬಿಡಿ ಅಂತ ರಸ್ತೆಗೆ ಇಳಿಯುವ ಜಿಲ್ಲೆ ನಮ್ಮದು. ಇಲ್ಲಿ ಸಂಗೀತದ ಬೋರ್ಡಿನಲ್ಲಿ ಮಾತ್ರ ವರ್ಷವಿಡೀ ನೀರು ಹರಿಯುತ್ತದೆ. ಅಧ್ಯಕ್ಷರು 16 ನೀರಿನ ಹೆಸರು ಬರೆದುಕೊಂಡರು. ಸಂಘ ನೋಂದಣಿ ಮಾಡಿಸಬೇಕಾದರೆ ಮೊದಲೇ ಇರುವ ಸಂಘದ ಹೆಸರನ್ನಾಗಲಿ ಅದನ್ನೇ ಹೋಲುವ ಹೆಸರನ್ನಾಗಲಿ ಇಡುವ ಹಾಗಿಲ್ಲ. 1960ರ ಕಾಯ್ದೆ ಹಾಗೆ ಹೇಳುತ್ತದೆ. ಆ ಕಾಯ್ದೆಯ ಪ್ರಕಾರ ಸಂಘ ಕಟ್ಟಲು 7 ಜನ ಸಾಕು. ಅಷ್ಟರಲ್ಲಿ ಒಬ್ಬರಿಗಾದರೂ ಹಾಡು ಬರಬೇಕು ಅಂತ ಎಲ್ಲೂ ಬರೆದಿಲ್ಲ. ನಮ್ಮಂಥವರನ್ನು ನೋಡಿಯೇ ಮಾಡಿದ ಕಾಯ್ದೆ.

ನೀರು ಬತ್ತಿದ ಮೇಲೆ ಅಪ್ಪಂದಿರು ಬಂದರು. ಒಂದು ಲಕ್ಷ ಕೊಡುತ್ತೇನೆ, ನಮ್ಮ ತಂದೆಯವರ ಹೆಸರಿಡಿ ಅಂತ ಒಬ್ಬರು. ಅವರ ತಂದೆ ಬದುಕಿದ್ದಾಗ ಪಕ್ಕದ ಮನೆಯ ರೇಡಿಯೋ ಜೋರಾಯಿತು ಅಂತ ಪೊಲೀಸರಿಗೆ ಹೇಳಿದವರು. ಹಾಗಾದರೆ ಒಂದೂವರೆ ಲಕ್ಷ, ನಮ್ಮ ತಾಯಿಯವರದು ಅಂತ ಇನ್ನೊಬ್ಬರು. ಯಾರಾದರೂ ಮಹಾತ್ಮರ ಹೆಸರಿಟ್ಟು ಜಗಳ ಮುಗಿಸೋಣ ಅಂದರೆ, ಯಾವ ಮಹಾತ್ಮರು ಅನ್ನುವುದಕ್ಕೆ ಒಂದು ಉಪಸಮಿತಿಯಾಯಿತು. ಅದರ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ನಾನೂ ಇದೇ ಊರಿನಲ್ಲಿ ಬಾಳಬೇಕು.

ಇಷ್ಟರಲ್ಲಿ ಚಿತ್ರದುರ್ಗದವರು ಸಿಟ್ಟಾದರು. ಹಾಡುವವರಲ್ಲಿ ನಾಲ್ಕು ಜನ ಅಲ್ಲಿಂದ ಬಸ್ಸಿನಲ್ಲಿ ಬರುತ್ತಾರೆ. '1997ರಲ್ಲಿ ಜಿಲ್ಲೆ ಬೇರೆ ಮಾಡ್ಕೊಂಡು ಹೋದೋರು ನೀವು. ಹೆಸರಿನಲ್ಲಾದರೂ ಕೋಟೆ ಇರಲಿ' ಅಂದರು. ಕೋಟೆ ಬಂದರೆ ಬೆಣ್ಣೆಯೂ ಬರಬೇಕು ಅಂತ ನಮ್ಮವರು. ಕೋಟೆ ಬೆಣ್ಣೆ ಅಂತ ಸೇರಿಸಿ ಹೇಳಿ ನೋಡಿದೆವು, ಡೇರಿಯ ಪ್ಯಾಕೆಟ್ಟಿನ ಹಾಗೆ ಕೇಳಿಸಿತು. ದುರ್ಗದ ಕೋಟೆಗೆ ಏಳು ಸುತ್ತು, ನಮ್ಮ ಮೀಟಿಂಗಿಗೂ ಅಷ್ಟೇ ಆಯಿತು. ಅಲ್ಲಿ ಹೈದರನ ಸೈನಿಕರಿಗೆ ನುಸುಳಲು ಒಂದು ಕಿಂಡಿಯಾದರೂ ಸಿಕ್ಕಿತ್ತು.

ಐದನೇ ಸುತ್ತಿನಲ್ಲಿ ನಿವೃತ್ತ ಮೇಷ್ಟ್ರು ಹೇಳಿದ 'ದಾವಣಗೆರೆ ನವಗಾನ ವೇದಿಕೆ' ಎಲ್ಲರಿಗೂ ಹಿಡಿಸಿತು. ಅವಸರ ಮಾಡಿ ರಸೀದಿ ಪುಸ್ತಕವನ್ನೂ ಅಚ್ಚು ಹಾಕಿಸಿದೆವು. ಜಾಗ ಸಾಲದೆ ಮೇಲೆ ದಪ್ಪಗೆ 'ದಾ.ನ.ವೇ' ಅಂತ ಬಂತು. ಖಜಾಂಚಿ ಚೌಕಿಪೇಟೆಯಲ್ಲಿ ಮೊದಲ ರಸೀದಿ ಹರಿದು ಕೊಟ್ಟಾಗ ಅಂಗಡಿಯವರು ಕನ್ನಡಕ ಏರಿಸಿ ಓದಿ, 'ಅದನ್ನ ನೀವೇ ಹೇಳ್ಬೇಕು ಸ್ವಾಮಿ, ದಾನವೇ ಸಾಲವೇ?' ಅಂದರಂತೆ. ರಸೀದಿ ಪುಸ್ತಕ ಈಗ ಖಜಾಂಚಿಯವರ ಮನೆಯಲ್ಲಿ ಹಾಲಿನ ಲೆಕ್ಕ ಬರೆಯಲು ಆಗುತ್ತಿದೆ.

'ಸಮಕಾಲೀನ' ಅನ್ನುವ ಪದವಾದರೂ ಇರಲಿ ಅಂತ ಮೇಷ್ಟ್ರು ಹಟ ಹಿಡಿದರು. ಇನ್ನು 20 ವರ್ಷ ಆದ ಮೇಲೆ? ಅಂತ ಕೇಳಿದೆ. ಆಗಲೂ ಸಮಕಾಲೀನವೇ ಅಂದರು. ಹೌದಲ್ಲ, ಹೊಸ ಬಸ್ ಸ್ಟ್ಯಾಂಡ್ ಅಂತ ಒಂದು ಸಲ ಕರೆದ ಮೇಲೆ ಅದರ ಗೋಡೆ ಬಿರುಕು ಬಿಟ್ಟರೂ ಅದು ಹೊಸದೇ.

ನಾನೂ ಸುಮ್ನೆ ಕೂರಲಿಲ್ಲ. 'ಮಂಡಕ್ಕಿ ಭಟ್ಟಿ' ಅಂತಿಡಿ ಅಂದೆ. ಕಾದ ಮರಳಿಗೆ ಅಕ್ಕಿ ಬಿದ್ದಾಗ ಚಟಪಟ ಅಂತ ಸಿಡಿಯುವ ಆ ಸದ್ದು ಕೇಳಿದ್ದೀರಲ್ಲ? ಒಂದೊಂದು ಕಾಳೂ ತನ್ನ ಹೊತ್ತಿಗೆ ಸಿಡಿಯುತ್ತದೆ, ಆದರೂ ಎಲ್ಲ ಸೇರಿ ಒಂದೇ ಭೋರು. ಹಾಡು ಕಲಿಸುವ ಹುಡುಗಿಯ ಕಣ್ಣು ಅರಳಿತು. ಅಧ್ಯಕ್ಷರು ಮಾತ್ರ, 'ಬೆಂಗಳೂರಲ್ಲಿ ಪ್ರೋಗ್ರಾಂ ಸಿಕ್ಕರೆ ಏನಂತ ಹೇಳ್ಕೋಬೇಕು, ಮಂಡಕ್ಕಿ ಅಂತಾನಾ? ನಗ್ತಾರೆ' ಅಂದರು. ಬೆಂಗಳೂರಿನ ಬೀದಿ ಬೀದಿಯಲ್ಲಿ ನಮ್ಮ ಊರಿನ ಹೆಸರು ಹಾಕಿಕೊಂಡೇ ಬೆಣ್ಣೆ ದೋಸೆ ಮಾರುತ್ತಾರೆ. ಅಲ್ಲಿ ಯಾರೂ ನಗುವುದಿಲ್ಲ, ಕ್ಯೂ ನಿಲ್ಲುತ್ತಾರೆ. ಅಧ್ಯಕ್ಷರೂ ನಿಂತಿದ್ದಾರೆ, ಫೋಟೋ ಹಾಕಿದ್ದರು.

'ಕಲ್ಕತ್ತದಲ್ಲಿ 1958ರಲ್ಲಿ ಶುರುವಾದ ತಂಡಕ್ಕೆ ಕಲ್ಕತ್ತಾ ಯೂತ್ ಕಾಯರ್ ಅಂತ ಹೆಸರು. ಶಿಲ್ಲಾಂಗಿನವರು 2001ರಲ್ಲಿ ಶಿಲ್ಲಾಂಗ್ ಚೇಂಬರ್ ಕಾಯರ್ ಅಂದರು. ಊರಿನ ಹೆಸರು, ಮಾಡುವ ಕೆಲಸ, ಅಷ್ಟೇ ಸರ್' ಅಂದಳು ಹುಡುಗಿ. ಸಭೆ ಒಂದು ನಿಮಿಷ ಮೌನವಾಯಿತು. ಇಷ್ಟು ಸುಲಭವಾದರೆ ಸಮಿತಿ ಯಾಕೆ ಬೇಕು ಅನ್ನುವ ಭಯ ಎಲ್ಲರ ಮುಖದಲ್ಲೂ ಕಾಣುತ್ತಿತ್ತು. ಹೆಸರು ಇಂಗ್ಲಿಷಾಯಿತು ಅಂತ ಒಬ್ಬರು ಎದ್ದರು. ಕನ್ನಡ ಭಾಷೆಯ ಕಾಯ್ದೆಗೆ ಆದ 2024ರ ತಿದ್ದುಪಡಿ ಪ್ರಕಾರ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂದರು. ಕನ್ನಡ ಅಕ್ಷರದಲ್ಲಿ 'ಕಾಯರ್' ಅಂತ ಬರೆದರೆ ಅದು 60ರ ಲೆಕ್ಕಕ್ಕೋ 40ರ ಲೆಕ್ಕಕ್ಕೋ ಅನ್ನುವುದು ತೀರ್ಮಾನವಾಗಲಿಲ್ಲ. ತಾತ್ಕಾಲಿಕ ಅಂತ 'ದಾವಣಗೆರೆ ಕಾಯರ್' ಎಂದು ಒಂದು ಫ್ಲೆಕ್ಸ್ ಬರೆಸಿ ಪ್ರಾಕ್ಟೀಸ್ ರೂಮಿನ ಹೊರಗೆ ಕಟ್ಟಿದೆವು.

ಮರುದಿನ ಬೆಳಿಗ್ಗೆ ಒಬ್ಬರು ಬಂದು ಡಬಲ್ ಕಾಟ್ ಸೈಜಿನದಕ್ಕೆ ರೇಟ್ ಎಷ್ಟು ಅಂತ ಕೇಳಿದರು. ಸಂಜೆಯೊಳಗೆ ಇನ್ನೂ ಐದು ಜನ. ಒಬ್ಬ ಅಜ್ಜ ಒಳಗೇ ಬಂದು ಕೂತರು. ಬೆನ್ನುನೋವು, ಡಾಕ್ಟರು ಕಾಯರ್ ಹಾಸಿಗೆ, ಅದೇ ತೆಂಗಿನ ನಾರಿನದು, ಬರೆದಿದ್ದಾರೆ ಅಂದರು. ಇದು ಹಾಡೋ ಜಾಗ ಅಜ್ಜಾ ಅಂತ ಹುಡುಗಿ ಹೇಳಿದಳು. ಹಾಗಾದರೆ ಒಂದು ಹಾಡ್ರವ್ವಾ ಅಂದರು. ತಂಡದವರು ಹಾಡಿದರು. ನಾಲ್ಕು ತಿಂಗಳಲ್ಲಿ ಅದೇ ಅವರ ಮೊದಲ ಕಛೇರಿ. ಅಜ್ಜ ಕೊನೆಯವರೆಗೂ ನೆಟ್ಟಗೆ ಕೂತಿದ್ದರಂತೆ. ಸಮಿತಿಯ ಯಾರೂ ಅಲ್ಲಿರಲಿಲ್ಲ, ನಾವು ಏಳನೇ ಸುತ್ತಿನಲ್ಲಿದ್ದೆವು.

ಫ್ಲೆಕ್ಸ್ ಬಿಚ್ಚಲು ಸರ್ವಾನುಮತದ ಠರಾವಾಯಿತು. ಬಿಚ್ಚಿಯೂ ಆಯಿತು. ಮೊನ್ನೆ ಪ್ರಾಕ್ಟೀಸ್ ಮುಗಿಸಿ 11 ಜನ ಹೋಟೆಲಿಗೆ ಹೋದಾಗ ನಾನೂ ಜೊತೆಗಿದ್ದೆ. ಒಳಗೆ ಕಾಲಿಡುವ ಮೊದಲೇ ಸಪ್ಲೈಯರ್ ಹುಡುಗ ಅಡುಗೆಮನೆ ಕಡೆ ತಿರುಗಿ ಕೂಗಿದ:

'ಹಾಸಿಗೆಯೋರು ಬಂದ್ರು, ಹನ್ನೆರಡು ಬೆಣ್ಣೆ!'