ಕಾರಿಗೆರಡು ದೋಸೆ ಕಾವಲಿ

ಆಗುಂಬೆ ಘಾಟಿಯಲ್ಲಿ 14 ತಿರುವುಗಳಿವೆ. ಒಂಬತ್ತನೆಯದೋ ಹತ್ತನೆಯದೋ ತಿರುವು ಇಳಿಯುತ್ತಿದ್ದಾಗ ಹಿಂದಿನ ಸೀಟಿನಲ್ಲಿದ್ದ ಅತ್ತೆ ಮೂಗು ಅರಳಿಸಿ, "ಏನೋ ತಳ ಹಿಡೀತಾ ಇದೆ" ಎಂದರು. ನಲವತ್ತು ವರ್ಷ ಒಲೆ ಮುಂದೆ ಪಳಗಿದ ಮೂಗು. ಆದರೆ ಕಾರಿನಲ್ಲಿ ಒಲೆ ಇಲ್ಲ, ಪಾತ್ರೆ ಇಲ್ಲ. ಡಿಕ್ಕಿಯಲ್ಲಿ ಒಂದು ಚಕ್ಕುಲಿ ಡಬ್ಬಿ ಇತ್ತು, ಅಷ್ಟೇ. "ಕಾಡಲ್ಲಿ ಯಾರೋ ಏನೋ ಸುಡ್ತಿರಬೇಕು" ಎಂದು ನಾನು ಯಾರೋ ಕಾಣದವರ ಮೇಲೆ ಗೂಬೆ ಕೂರಿಸಿದೆ.

ತಳ ಹಿಡಿಯುತ್ತಿದ್ದದ್ದು ನಮ್ಮ ಬ್ರೇಕು.

ಶಿವಮೊಗ್ಗದಿಂದ ಉಡುಪಿಗೆ ಹೊರಟಿದ್ದೆವು. ಮಾವ ನನ್ನ ಪಕ್ಕ ಕೂತು ತಾವು ನೌಕರಿಗೆ ಸೇರಿದ ಕಾಲದ ಕತೆ ಹೇಳುತ್ತಿದ್ದರು. ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು ಅಂತ ಡ್ರೈವಿಂಗ್ ಕಲಿಸಿದವರು ನನಗೆ ಹೇಳಿದ್ದರು. ಆದರೆ ಸೆಕೆಂಡ್ ಗೇರಿಗೆ ಹಾಕಿದರೆ ಇಂಜಿನ್ನು ಗೊಂಯ್ ಅನ್ನುತ್ತದೆ, ಮಾವನ ಕತೆ ಕೇಳಿಸುವುದಿಲ್ಲ. ಹಾಗಾಗಿ ಥರ್ಡ್ ಗೇರಿನಲ್ಲೇ, ಬಲಗಾಲನ್ನು ಬ್ರೇಕಿನ ಮೇಲೆ ಆರಾಮಾಗಿ ಒರಗಿಸಿಕೊಂಡು ಇಳಿದೆ. ಕತೆ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಸೋಮೇಶ್ವರದಲ್ಲಿ ಪಕ್ಕಕ್ಕೆ ನಿಲ್ಲಿಸಿದಾಗ ಮುಂದಿನ ಬಲಚಕ್ರದಿಂದ ಸಣ್ಣಗೆ ಹೊಗೆ ಬರುತ್ತಿತ್ತು. ಗಾಬರಿಯಲ್ಲಿ ನಾನು ಬ್ರೇಕನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿಕೊಂಡು ಕೂತೆ. ಮಾವ ಅಷ್ಟರಲ್ಲಿ ಇಳಿದಾಗಿತ್ತು. ಕೈಯಲ್ಲಿ ಒಂದು ಲೀಟರಿನ ನೀರಿನ ಬಾಟಲಿ. "ಬೇಡ" ಅನ್ನುವ ಮೊದಲೇ ಚಕ್ರದ ಸಂದಿಯಿಂದ ಸುರಿದೇ ಬಿಟ್ಟರು.

ಚೊಂಯ್!

ಒಗ್ಗರಣೆಯ ಸದ್ದು. ಆವಿ ಬಾನೆಟ್ಟಿನ ತನಕ ಎದ್ದಿತು. ಮಾವ ಬೆಂಕಿ ಆರಿಸಿದವರ ಗತ್ತಿನಲ್ಲಿ ನಿಂತಿದ್ದರು. ಅತ್ತೆ ಮಾತ್ರ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಯ್ಯೋ, ಕಾದ ಕಾವಲಿಗೆ ಹಂಗೆ ನೀರು ಸುರೀತಾರಾ? ಸೀಳು ಬಿಡುತ್ತೆ!" ಎಂದರು. ಗಂಡಸರಿಬ್ಬರೂ ಕೇಳಿಸಿಕೊಳ್ಳಲಿಲ್ಲ. ಮುಂದಿನ ಮೂರು ತಿಂಗಳಲ್ಲಿ ನಮ್ಮ ಕಾರಿನ ಬಗ್ಗೆ ಹತ್ತಾರು ಜನ ಕೊಟ್ಟ ಅಭಿಪ್ರಾಯಗಳಲ್ಲಿ ಸರಿಯಾದದ್ದು ಅದೊಂದೇ.

ಹೆಬ್ರಿ ದಾಟುವ ಹೊತ್ತಿಗೆ ಶುರುವಾಯಿತು. ಬ್ರೇಕ್ ಒತ್ತಿದರೆ ಸ್ಟೀರಿಂಗ್ ಗಡಗಡ. ಬಿಟ್ಟರೆ ಗಪ್‌ಚುಪ್. ಕಾಲಿನಡಿ ಪೆಡಲ್ ಕೂಡ ಮಗ್ಗದ ಹಾಗೆ ಕುಟ್ಟುತ್ತಿತ್ತು. ಉಡುಪಿಯಲ್ಲಿ ದೇವರ ದರ್ಶನ ಆದಮೇಲೆ ಹೋಟೆಲಿನಲ್ಲಿ ಕಾಫಿ ಹಿಡಿದರೂ ನನ್ನ ಕೈ ನಡುಗುತ್ತಿತ್ತು. ಅಭ್ಯಾಸಬಲ.

ಊರಿಗೆ ಬಂದ ಮೇಲೆ ವೈದ್ಯರು ಜಾಸ್ತಿಯಾದರು. ಎದುರು ಮನೆಯವರು "ಬ್ಯಾಲೆನ್ಸಿಂಗ್ ಹೋಗಿದೆ" ಎಂದರು. ಆಫೀಸಿನ ಸ್ನೇಹಿತರು "ಅಲೈನ್‌ಮೆಂಟ್" ಎಂದರು. ಎರಡನ್ನೂ ಮಾಡಿಸಿದೆ. ದುಡ್ಡು ಅಲೈನ್ ಆಗಿ ಹೋಯಿತು, ನಡುಕ ಹೋಗಲಿಲ್ಲ. ಚಕ್ರದ ಬ್ಯಾಲೆನ್ಸಿಂಗ್ ತಪ್ಪಿದ್ದರೆ ಬ್ರೇಕ್ ಮುಟ್ಟದಿದ್ದರೂ ಎಂಬತ್ತರ ವೇಗದ ಆಸುಪಾಸಿನಲ್ಲಿ ಸ್ಟೀರಿಂಗ್ ನಡುಗುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಅದು ಡಿಸ್ಕಿನ ಕಾಯಿಲೆ. ಇಷ್ಟನ್ನು ಭಾಯ್ ಕಾರಿಗೆ ಕೈ ಹಚ್ಚುವ ಮೊದಲೇ, ಬೀಡಿ ಆರಿಸುತ್ತಾ ಹೇಳಿಬಿಟ್ಟರು.

ಭಾಯ್ ನಮ್ಮ ಮೆಕ್ಯಾನಿಕ್. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಅವರ ಶೆಡ್ಡು. ಚಕ್ರ ಬಿಚ್ಚಿ ತೋರಿಸಿದರು. ಒಳಗೆ ಒಂದು ಬೀಡಿನ, ಅಂದರೆ ಎರಕದ ಕಬ್ಬಿಣದ ತಟ್ಟೆ. ಪುಸ್ತಕದಲ್ಲಿ ಅದಕ್ಕೆ ರೋಟರ್ ಅಂತಾರೆ, ಶೆಡ್ಡಿನಲ್ಲಿ ಡಿಸ್ಕ್. ಬ್ರೇಕ್ ಒತ್ತಿದರೆ ಎರಡು ಪ್ಯಾಡು ಇಕ್ಕಳದ ಹಾಗೆ ಅದನ್ನು ಹಿಡಿಯುತ್ತವೆ. ಕಾರಿನ ಓಟವೆಲ್ಲ ಆಗ ಬಿಸಿಯಾಗಿ ಆ ತಟ್ಟೆಗೆ ಇಳಿಯುತ್ತದೆ. ನಮ್ಮಂಥ ಸಣ್ಣ ಕಾರಿಗೆ ಮುಂದೆ ಎರಡು ಡಿಸ್ಕು, ಹಿಂದೆ ಡ್ರಮ್ಮು. ತಟ್ಟೆಯ ಮೇಲೆ ಅಲ್ಲಲ್ಲಿ ನೀಲಿ, ಅಲ್ಲಲ್ಲಿ ಕಪ್ಪು ಮಚ್ಚೆ. "ಡಿಸ್ಕ್ ಬೆಂಡಾಗಿದೆಯಾ?" ಎಂದೆ. ಎಲ್ಲರೂ ಹಾಗೇ ಕೇಳುತ್ತಾರಂತೆ. ಅದು ಸುಲಭಕ್ಕೆ ಬೆಂಡಾಗುವುದಿಲ್ಲ. ಕಾದ ಡಿಸ್ಕನ್ನು ಪ್ಯಾಡು ಒಂದೇ ಕಡೆ ಒತ್ತಿಕೊಂಡಿದ್ದರೆ ಪ್ಯಾಡಿನ ಮಸಾಲೆ, ಅಂದರೆ ಡಿಸ್ಕನ್ನು ಉಜ್ಜುವ ಅದರ ಪದರ, ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಆ ಜಾಗ ದಪ್ಪ, ಪಕ್ಕದ ಜಾಗ ತೆಳು. ಒಂದು ಮಿಲಿಮೀಟರಿನಲ್ಲಿ ಐವತ್ತನೇ ಒಂದು ಪಾಲು ಏರುಪೇರಾದರೂ ಸಾಕು, ಕಾಲಿಗೆ ಗೊತ್ತಾಗುತ್ತದೆ. ಅಂದರೆ ತಲೆಕೂದಲಿಗಿಂತ ತೆಳು. "ಘಾಟಿ ಇಳಿದು ಬ್ರೇಕ್ ಒತ್ತಿಕೊಂಡೇ ನಿಂತಿದ್ರಾ ಸಾರ್?" ಎಂದರು. ನಾನು ಮಾವನ ನೀರಿನ ವಿಷಯ ಮಾತ್ರ ಹೇಳಿ, ನನ್ನ ಕಾಲಿನ ವಿಷಯ ನುಂಗಿಕೊಂಡೆ. ನೀರಿಗೆ ಬೀಡು ಬಿರುಕು ಬಿಡದಿದ್ದದ್ದೇ ಪುಣ್ಯ ಅಂತ ಟಾರ್ಚ್ ಹಿಡಿದು ಸುತ್ತಲೂ ನೋಡಿದರು.

ಈಗ ಪ್ರಶ್ನೆ, ಲೇತ್ ಹೊಡೆಸಿ, ಅಂದರೆ ಯಂತ್ರದಲ್ಲಿ ಮೈ ಕೆರೆಸಿ, ನುಣುಪು ಮಾಡಿಸುವುದೋ, ಹೊಸದು ಹಾಕಿಸುವುದೋ? "ದಪ್ಪ ನೋಡಬೇಕು" ಎಂದರು ಭಾಯ್. ಡಿಸ್ಕಿನ ನೆತ್ತಿಯ ಮೇಲೆ ಕಂಪನಿಯವರೇ "ಮಿನ್ ಟಿಎಚ್ 15" ಎಂದು ಅಚ್ಚೊತ್ತಿದ್ದರು. ಜೊತೆಗೆ ಬಂದಿದ್ದ ಮಾವ ಕನ್ನಡಕ ಏರಿಸಿ, "ಮಿಂಟ್ 15" ಅಂತ ಓದಿ, ಡಿಸ್ಕಿಗೂ ಪುದೀನಕ್ಕೂ ಏನು ಸಂಬಂಧ ಎಂದು ಯೋಚನೆಗೆ ಬಿದ್ದರು. ಕನಿಷ್ಠ ದಪ್ಪ 15 ಮಿಲಿಮೀಟರ್ ಅಂತ ಅದರ ಅರ್ಥ. ಹೊಸದರಲ್ಲಿ 17 ಇರುತ್ತದೆ. ಇಡೀ ಡಿಸ್ಕಿನ ಆಯುಷ್ಯ ಆ ಎರಡು ಮಿಲಿಮೀಟರಿನಲ್ಲಿದೆ. ನಮ್ಮ ಮನೆಯ ನೀರುದೋಸೆ ಅದಕ್ಕಿಂತ ದಪ್ಪ.

ನಾನು ಸುಮ್ನೆ ಬರಿಗೈಯಲ್ಲಿ ಹೋಗಿರಲಿಲ್ಲ. ಅಂತರ್ಜಾಲದಲ್ಲಿ ಎರಡು ರಾತ್ರಿ ಓದಿ, ದಪ್ಪ ಅಳೆಯುವ ಹೊಸ ವರ್ನಿಯರ್ ಕ್ಯಾಲಿಪರ್ ಕೊಂಡುಕೊಂಡಿದ್ದೆ. ಪಿಯುಸಿಯಲ್ಲಿ ಹಿಡಿದ ಮೇಲೆ ಮತ್ತೆ ಹಿಡಿದದ್ದು ಅವತ್ತೇ. ಗಂಭೀರವಾಗಿ ಡಿಸ್ಕಿನ ಅಂಚಿಗೆ ಸಿಕ್ಕಿಸಿ ಅಳೆದೆ. 17! ಇನ್ನೊಂದು ಕಡೆ. ಅಲ್ಲೂ 17! "ನೋಡಿ ಭಾಯ್, ಹೊಸದರಷ್ಟೇ ಇದೆ. ಒಂಚೂರೂ ಸವೆದಿಲ್ಲ" ಎಂದೆ. ಭಾಯ್ ನಗಲಿಲ್ಲ, ದೊಡ್ಡ ಮನುಷ್ಯ. ಅವರ ಹುಡುಗ ನಕ್ಕ.

ವಿಷಯ ಏನೆಂದರೆ, ಪ್ಯಾಡು ಡಿಸ್ಕಿನ ತೀರಾ ಅಂಚಿನವರೆಗೆ ತಾಗುವುದಿಲ್ಲ. ತಾಗುವ ಜಾಗ ಸವೆಯುತ್ತಾ ಹೋಗುತ್ತದೆ, ಅಂಚು ಹಾಗೇ ಉಳಿದು ತಟ್ಟೆಯ ಕಂಠದ ಹಾಗೆ ಎದ್ದು ನಿಲ್ಲುತ್ತದೆ. ನಾನು ಅಳೆದದ್ದು ಆ ಕಂಠವನ್ನು. ಭಾಯ್ ನನ್ನಿಂದ ಒಂದು ರೂಪಾಯಿಯ ಎರಡು ನಾಣ್ಯ ಇಸಕೊಂಡರು. ಕಂಠದ ಒಳಗೆ ಆ ಕಡೆ ಒಂದು, ಈ ಕಡೆ ಒಂದು ಇಟ್ಟು, ಮೇಲಿಂದ ವರ್ನಿಯರ್ ಹಿಡಿದು, ಬಂದದ್ದರಲ್ಲಿ ನಾಣ್ಯಗಳ ದಪ್ಪ ಕಳೆದರು. ಸುತ್ತಲೂ ಆರು ಕಡೆ ಹೀಗೇ ನೋಡಿದರು. ಎಡಗಡೆಯದು 15.6. ಬಲಗಡೆಯದು 15.3. ನಾಣ್ಯ ವಾಪಸ್ ಬರಲಿಲ್ಲ, ನಾನೂ ಕೇಳಲಿಲ್ಲ.

ಲೇತಿನಲ್ಲಿ ಒಂದೊಂದು ಮುಖಕ್ಕೆ ಕಾಲು ಮಿಲಿಮೀಟರ್ ಕೆರೆದರೂ ಒಟ್ಟು ಅರ್ಧ ಹೋಗುತ್ತದೆ. ಬಲಗಡೆಯದು 14.8ಕ್ಕೆ ಇಳಿಯುತ್ತದೆ. "ಬೇಡ ಸಾರ್, ಹೊಸದು ಹಾಕಿಸಿ" ಎಂದರು ಭಾಯ್. ದಪ್ಪ ಇದ್ದು, ಬಿರುಕಿಲ್ಲದೆ, ಬರೀ ಗೀರು, ಮಚ್ಚೆ ಇದ್ದರೆ ಮಾತ್ರ ಲೇತ್ ಸರಿಯಂತೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಿದ್ದರೆ ಅದನ್ನು ತೆಗೆಯಲು ಹೋಗಿ ಡಿಸ್ಕೇ ಖಾಲಿಯಾಗುತ್ತದೆ.

ಇಲ್ಲಿ ಮಾವ ಬಾಯಿ ಹಾಕಿದರು. "ಅಲ್ಲ ಮಾರಾಯ್ರೆ, 0.2 ಮಿಲಿಮೀಟರಿಗೆ ಹೊಸದು ತಗೊಳ್ತಾರಾ ಯಾರಾದ್ರೂ? ಪಾಯಿಂಟು ಎರಡು!" ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದವರು. ಪಾಯಿಂಟು ಎರಡನ್ನು ಅವರು ಬದುಕಿಡೀ ರೌಂಡ್ ಆಫ್ ಮಾಡಿದ್ದಾರೆ. ನನ್ನ ಜಿಪುಣತನಕ್ಕೂ ಅದೇ ಬೇಕಾಗಿತ್ತು. ಭಾಯ್ ಕೈ ಚೆಲ್ಲಿ, "ಆಮೇಲೆ ನನ್ನ ಹೇಳಬೇಡಿ" ಎಂದು ಡಿಸ್ಕ್ ಬಿಚ್ಚಿ ಕೊಟ್ಟರು.

ಲೇತಿನವರು ಎರಡಕ್ಕೂ ಸೇರಿ 600 ರೂಪಾಯಿ ತಗೊಂಡರು. ನೋಡಲು ಮಾತ್ರ ಬಹಳ ಚೆಂದ. ಉಕ್ಕಿನ ಹಾಗೆ ಸುರುಳಿ ಸುರುಳಿ ಬರುವುದಿಲ್ಲ, ಬೀಡು ರವೆಯ ಹಾಗೆ ಪುಡಿಪುಡಿ ಉದುರುತ್ತದೆ. ಚಿರೋಟಿ ರವೆ. ಕನ್ನಡಿಯಂಥ ಡಿಸ್ಕ್ ಹಾಕಿಕೊಂಡು ಬಂದೆವು. ಬ್ರೇಕು ಬೆಣ್ಣೆ. ಮಾವ ಎರಡು ತಿಂಗಳು "ಪಾಯಿಂಟು ಎರಡು" ಎಂದು ಬಂದವರಿಗೆಲ್ಲ ಹೇಳಿದರು.

ಮೂರನೇ ತಿಂಗಳು ಗಡಗಡ ವಾಪಸ್. ಡಿಸ್ಕ್ ತೆಳ್ಳಗಾದಷ್ಟೂ ಬೇಗ ಕಾಯುತ್ತದೆ. ಇದನ್ನೂ ಅತ್ತೆಯೇ ಹೇಳಿದ್ದರು. ಲೇತಿನಿಂದ ಬಂದ ದಿನವೇ, ರುಬ್ಬುತ್ತಾ, "ತೆಳು ಕಾವಲಿಯಲ್ಲಿ ಎರಡನೇ ದೋಸೆಗೇ ಸೀದು ಹೋಗುತ್ತೆ" ಎಂದಿದ್ದರು. ನಾವು ದೋಸೆಯ ಬಗ್ಗೆ ಅಂದುಕೊಂಡಿದ್ದೆವು. ದೋಸೆ ಕಾವಲಿಯೂ ಬೀಡು, ಡಿಸ್ಕೂ ಬೀಡು ಅಂತ ಆಗ ಹೊಳೆಯಲಿಲ್ಲ ನೋಡಿ.

ಸೀದಾ ಭಾಯ್ ಹತ್ತಿರ ಹೋದೆ. ಈ ಸಲ ಮಾವನನ್ನು ಕರೆದುಕೊಂಡು ಹೋಗಲಿಲ್ಲ. ಆದರೂ ಹುಟ್ಟುಗುಣ, "ಬಲಗಡೆಯದು ಮಾತ್ರ ಹಾಕಿದ್ರೆ ಸಾಲದಾ?" ಎಂದು ಕೇಳಿಯೇ ಬಿಟ್ಟೆ. "ಒಂದೇ ಕಾಲಿಗೆ ಹೊಸ ಚಪ್ಪಲಿ ಹಾಕ್ಕೊಂಡು ಮದುವೆಗೆ ಹೋಗ್ತೀರಾ ಸಾರ್?" ಎಂದರು. ಒಂದು ಹೊಸದು, ಒಂದು ಹಳೆಯದಾದರೆ ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆಯಬಹುದು. ಜೋಡಿಯೇ ಹಾಕಬೇಕು, ಜೊತೆಗೆ ಹೊಸ ಪ್ಯಾಡು. ಲೇತಿಗೆ ಕೊಟ್ಟ 600 ನನ್ನ ಅತಿಬುದ್ಧಿಯ ತೆರಿಗೆ ಎಂದುಕೊಂಡೆ. ಭಾಯ್ ಡಿಸ್ಕ್ ಕೂರುವ ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಲ್ಲಿ ಹತ್ತು ನಿಮಿಷ ಉಜ್ಜಿದರು. ಅಲ್ಲಿ ಒಂದು ಚೂರು ತುಕ್ಕು ಉಳಿದರೂ ಹೊಸ ಡಿಸ್ಕ್ ಓರೆಯಾಗಿ ಕೂತು ಮತ್ತೆ ಅದೇ ರಾಗ.

ಮನೆಗೆ ಬಂದು "ಹೊಸ ಡಿಸ್ಕ್ ಪಳಗಿಸಬೇಕಂತೆ" ಎಂದೆ. ಅತ್ತೆಯ ಮುಖ ಬೆಳಗಿತು. ಅರ್ಧ ಈರುಳ್ಳಿ ಹೆಚ್ಚಿ, ಎಣ್ಣೆಯ ಬಟ್ಟಲಿನ ಜೊತೆ ತಂದಿಟ್ಟರು. ಇಲ್ಲಿ ಮಾತ್ರ ಕಾವಲಿಶಾಸ್ತ್ರ ಕೈಕೊಟ್ಟಿತು. ಡಿಸ್ಕಿಗೆ ಎಣ್ಣೆ ಸೋಕಿದರೆ ಬ್ರೇಕೇ ಹಿಡಿಯುವುದಿಲ್ಲ. ತುಕ್ಕು ಹಿಡಿಯದಿರಲಿ ಅಂತ ಕಂಪನಿಯವರು ಹಚ್ಚಿದ್ದ ಎಣ್ಣೆಯನ್ನೇ ಭಾಯ್ ಒರೆಸಿ ತೆಗೆದಿದ್ದರು. ಅತ್ತೆಗೆ ಬೇಜಾರಾಯಿತು. ಈರುಳ್ಳಿ ಸಾರಿಗೆ ಹೋಯಿತು.

ಪಳಗಿಸುವ ಕ್ರಮ ಹೀಗೆ. ಖಾಲಿ ರಸ್ತೆಯಲ್ಲಿ ಗಂಟೆಗೆ 50ರ ವೇಗಕ್ಕೆ ಹೋಗಬೇಕು, ಹದವಾಗಿ ಬ್ರೇಕ್ ಒತ್ತಿ 10ಕ್ಕೆ ಇಳಿಸಬೇಕು, ಪೂರ್ತಿ ನಿಲ್ಲಿಸಬಾರದು, ಸ್ವಲ್ಪ ದೂರ ತಣ್ಣಗೆ ಓಡಿಸಿ ಮತ್ತೆ ಅದೇ. ಇಪ್ಪತ್ತು ಸಲ. ಪ್ಯಾಡಿನ ಮಸಾಲೆ ಡಿಸ್ಕಿನ ಮೇಲೆ ಸಮನಾಗಿ ಹರಡಲಿ ಅಂತ.

ಮರುದಿನ ಬೆಳಿಗ್ಗೆ ಐದೂವರೆಗೆ ಊರಾಚೆಯ ರಸ್ತೆಗೆ ಹೋದೆ. ಹಿಂದೆ ಒಂದು ನರಪಿಳ್ಳೆ ಇರಲಿಲ್ಲ. ಮುಂದೆ ಮಾತ್ರ, ಸ್ಟಾಪಿನಲ್ಲಿ, ಸೇವಂತಿಗೆ ಬುಟ್ಟಿ ಇಟ್ಟುಕೊಂಡು ಒಬ್ಬ ಅಜ್ಜಿ ಬಸ್ಸಿಗೆ ಕಾಯುತ್ತಿದ್ದರು. ನನ್ನ ಮೂರನೇ ಬ್ರೇಕು ಸರಿಯಾಗಿ ಅವರ ಮುಂದೆ ಬಿತ್ತು. ಅಜ್ಜಿ ಬುಟ್ಟಿ ಎತ್ತಿಕೊಂಡರು. ನಾನು ಹೊರಟುಹೋದೆ. ತಿರುಗಿಸಿಕೊಂಡು ಬಂದಾಗ ಏಳನೆಯದೂ ಅಲ್ಲೇ ಬಿತ್ತು. ಅಜ್ಜಿ ಮತ್ತೆ ಎದ್ದರು. ನಾನು ಮತ್ತೆ ಹೋದೆ. ಹನ್ನೊಂದನೆಯದಕ್ಕೆ ಅವರು ರಸ್ತೆಗೇ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನಿಲ್ಲಿಸಲೇಬೇಕಾಯಿತು. ಬ್ರೇಕಿನಿಂದ ಕಾಲು ತೆಗೆದು ಹ್ಯಾಂಡ್‌ಬ್ರೇಕ್ ಎಳೆದೆ. ಅದು ಹಿಂದಿನ ಡ್ರಮ್ಮಿಗೆ, ತೊಂದರೆಯಿಲ್ಲ. ಅಷ್ಟರಲ್ಲಿ ಅಜ್ಜಿ ಬುಟ್ಟಿಯ ಸಮೇತ ಮುಂದೆ ಕೂತಾಗಿತ್ತು. "ಹೂವಿನ ಮಾರ್ಕೆಟ್ಟು" ಎಂದರು, ಆಟೋದವನಿಗೆ ಹೇಳುವ ಹಾಗೆ.

ಇನ್ನೂ ಒಂಬತ್ತು ಬ್ರೇಕು ಬಾಕಿ ಇತ್ತು. ಐವತ್ತು, ಹತ್ತು. ಐವತ್ತು, ಹತ್ತು. ಪ್ರತಿ ಸಲವೂ ಅಜ್ಜಿ, ಬುಟ್ಟಿ, ಸೇವಂತಿಗೆ ಮೂರೂ ಒಟ್ಟಿಗೆ ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತಿದ್ದವು. ನಾಲ್ಕು ಸಲ ಸಹಿಸಿಕೊಂಡರು. ಐದನೆಯದಕ್ಕೆ ನನ್ನನ್ನೇ ನೋಡಿದರು.

"ಏನ್ ತಮ್ಮಾ, ಈಗಿನ್ನೂ ಕಲೀತಾ ಇದ್ದೀಯಾ?"

ಪ್ಯಾಡು, ಮಸಾಲೆ, ಕಾವಲಿ ಎಲ್ಲ ವಿವರಿಸಲು ದಾರಿ ಸಾಲದು. "ಹೌದಜ್ಜಿ" ಎಂದೆ.

"ಆಗ್ಲಿ ಬಿಡು. ನನ್ ಮೊಮ್ಮಗನೂ ಮೊದ್ಲು ಹಿಂಗೇ ಓಡಿಸ್ತಿದ್ದ" ಎಂದು ಬುಟ್ಟಿಯನ್ನು ಕಾಲಿನ ನಡುವೆ ಭದ್ರ ಮಾಡಿಕೊಂಡರು. "ಈಗ ಲಾರಿ ಓಡಿಸ್ತಾನೆ."